ಹಾರನ್ನಿನೊಳಗಿನ ಗೆಜ್ಜೆ ಕೊಂಡಿ

ದಿನಾಂಕ: 17-11-1986

ಇಂದ,
ಖಾದರ್ ಬಾಷಾ, ನಿವೃತ್ತ ಚಾಲಕ,
ಮೂರನೇ ಮನೆ, ಗೋಪಾಲಮ್ಮನವರ ವಠಾರ,
ಆರ್.ಟಿ. ನಗರ, ಬೆಂಗಳೂರು.
(ಬರೆದವರು: ಶಿವಶರಣಪ್ಪ, ಗೋಣಿಚೀಲ ಮಂಡಳಿಯ ನಿವೃತ್ತ ಗುಮಾಸ್ತ, ಸಹಕಾರನಗರ. ಅರ್ಜಿದಾರನಿಗೆ ಕನ್ನಡ ಓದಲು ಬರುತ್ತದೆ, ಬರೆಯಲೂ ಬರುತ್ತದೆ. ಕಚೇರಿಗೆ ಬರೆಯಲು ಮಾತ್ರ ಬರುವುದಿಲ್ಲ.)

ಗೆ,
ಮಾನ್ಯ ಕಾರ್ಯದರ್ಶಿಗಳು,
ಗೋಣಿಚೀಲ ನಿಯಂತ್ರಣ ಮಂಡಳಿ,
ಯಶವಂತಪುರ, ಬೆಂಗಳೂರು.

ವಿಷಯ: ಮಂಡಳಿಯ ಬಿಳಿ ಅಂಬಾಸಡರ್ ಕಾರಿನ ಹಾರನ್ ಗುಂಡಿಯೊಳಗೆ ಇರುವ, ಅರ್ಜಿದಾರನ ಹೆಂಡತಿಯ ಕಾಲುಗೆಜ್ಜೆಯ ಬೆಳ್ಳಿ ಕೊಂಡಿಯನ್ನು ಸದರಿ ಕಾರು ಹರಾಜಾಗುವ ಮುನ್ನ ಬಿಡಿಸಿಕೊಡುವ ಬಗ್ಗೆ.

ಉಲ್ಲೇಖ:
1) ಲಾಗ್ ಪುಸ್ತಕ, ಪುಟ 212, ದಿನಾಂಕ 22-8-1977.
2) ದಾಸ್ತಾನು ವಹಿ, 'ಬೆಲೆಬಾಳುವ ಲೋಹಗಳು' ವಿಭಾಗ, ಕ್ರಮಸಂಖ್ಯೆ ಒಂದು. (ಎರಡು ಇಲ್ಲ.)
3) ಗೇಟ್ ಪಾಸು, ದಿನಾಂಕ 2-4-1984.
4) ತಮ್ಮ ಹರಾಜು ಪ್ರಕಟಣೆ. ಹರಾಜಿನ ದಿನ 28-11-1986.
5) ಅರ್ಜಿದಾರನ ಹಿಂದಿನ ಆರು ಅರ್ಜಿಗಳು ಮತ್ತು ಅವುಗಳಿಗೆ ತಾವು ಕೊಟ್ಟ ಎರಡು ಉತ್ತರಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಇದು ಏಳನೆಯ ಅರ್ಜಿ. ಹಿಂದಿನ ಆರನ್ನೂ ಅರ್ಜಿದಾರ ತಾನೇ ಬರೆದಿದ್ದ. ಒಂದೊಂದೂ ಎರಡೇ ಸಾಲು: 'ಸ್ವಾಮಿ, ನನ್ನ ಹೆಂಡತಿಯ ಬೆಳ್ಳಿ ಕೊಂಡಿ ಕಾರಿನಲ್ಲಿದೆ. ದಯವಿಟ್ಟು ಕೊಡಿಸಿ.' ಇಷ್ಟು ಸ್ಪಷ್ಟವಾಗಿ ಬರೆದರೆ ಯಾವ ಕಚೇರಿಗೆ ತಾನೇ ಅರ್ಥವಾದೀತು? ಆದ್ದರಿಂದ ಈ ಸಲ ಕಚೇರಿಗೆ ಅರ್ಥವಾಗುವ ಹಾಗೆ, ಕ್ರಮಸಂಖ್ಯೆ ಹಾಕಿ, ಕಾರಣಗಳ ಸಮೇತ, ಮೂವತ್ತೊಂದು ವರ್ಷ ಇದನ್ನೇ ಮಾಡಿ ಕೈ ಪಳಗಿದವನಿಂದ ಬರೆಸಲಾಗಿದೆ.

1. ಅರ್ಜಿದಾರನು 1959ರಿಂದ ಕಳೆದ ಮೇ ತಿಂಗಳವರೆಗೆ ಮಂಡಳಿಯ ಚಾಲಕನಾಗಿದ್ದ. ಸದರಿ ಕಾರನ್ನು ಕೊಂಡ ದಿನದಿಂದ ಗೋದಾಮಿನ ಹಿಂದೆ ತಳ್ಳಿ ನಿಲ್ಲಿಸಿದ ದಿನದವರೆಗೆ ಓಡಿಸಿದವನು ಇವನೊಬ್ಬನೇ. ಅಪಘಾತ ಇಲ್ಲ, ಪೆಟ್ರೋಲ್ ಕದ್ದದ್ದಿಲ್ಲ, ಸಾಹೇಬರ ಮನೆಯ ಜಗಳವನ್ನು ಕ್ಯಾಂಟೀನಿನಲ್ಲಿ ಹೇಳಿದ್ದೂ ಇಲ್ಲ. ಅವನಲ್ಲಿ ಇದ್ದ ದೋಷ ಒಂದೇ. ಕೆಲಸಕ್ಕೆ ಸೇರಿದ ದಿನ ಹಿರಿಯ ಚಾಲಕನೊಬ್ಬ ಅವನಿಗೆ, ಲಾಗ್ ಪುಸ್ತಕದಲ್ಲಿ ಬರೆಯದೆ ಇದ್ದದ್ದು ನಡೆದೇ ಇಲ್ಲ ಎಂದು ತಿಳಿದುಕೋ ಅಂತ ಹೇಳಿಕೊಟ್ಟಿದ್ದ. ಮಿಕ್ಕ ಚಾಲಕರು ಆ ಮಾತನ್ನು ತಮಗೆ ಅನುಕೂಲವಾಗುವ ಹಾಗೆ ಅರ್ಥ ಮಾಡಿಕೊಂಡರು. ಬಾಷಾ ಮಾತ್ರ ನಂಬಿಬಿಟ್ಟ. ಎಮ್ಮೆ ಅಡ್ಡ ಬಂದು ನಾಲ್ಕು ನಿಮಿಷ ನಿಂತರೆ 'ಎಮ್ಮೆ, ನಾಲ್ಕು ನಿಮಿಷ' ಎಂದು ಬರೆಯುತ್ತಿದ್ದ. ಈ ಅರ್ಜಿಯ ಎಲ್ಲ ಸಂಕಟಕ್ಕೂ ಮೂಲ ಕಾರಣ ಇದೇ ಆಗಿರುವ ಕಾರಣ, ಇದನ್ನು ಮೊದಲನೆಯ ಅಂಶವಾಗಿ ನಮೂದಿಸಲಾಗಿದೆ.

2. ದಿನಾಂಕ 9-6-1977ರಂದು ಬೆಳಿಗ್ಗೆ ಹೆಬ್ಬಾಳದ ಹತ್ತಿರ ಸದರಿ ಕಾರಿನ ಹಾರನ್ ನಿಂತುಹೋಯಿತು. ಮುಂದೆ ಹುಲ್ಲಿನ ಗಾಡಿ ಇತ್ತು. ಅರ್ಜಿದಾರ ಗುಂಡಿ ಒತ್ತಿದ, ಸದ್ದಿಲ್ಲ. ಇನ್ನೊಮ್ಮೆ ಒತ್ತಿದ, ಸದ್ದಿಲ್ಲ. ಹಿಂದೆ ಕೂತಿದ್ದ ಸಾಹೇಬರು, ಜೋರಾಗಿ ಒತ್ತು ಎಂದರು. ಜೋರಾಗಿ ಒತ್ತಿದ. ಗಾಡಿಯವನು ತಾನಾಗಿಯೇ ಪಕ್ಕಕ್ಕೆ ಹೋಗುವವರೆಗೆ ಮಂಡಳಿಯ ಕಾರು ಎತ್ತುಗಳ ಹಿಂದೆ ಎತ್ತುಗಳ ವೇಗದಲ್ಲೇ ಹೋಯಿತು. ಅಂದು ಲಾಗ್ ಪುಸ್ತಕದಲ್ಲಿ 'ಹಾರನ್ ಬಾಯಿ ಬಿಡುತ್ತಿಲ್ಲ' ಎಂದು ಬರೆದು, ಅರ್ಜಿದಾರ ಹೊಸ ಹಾರನ್ನಿಗೆ ಬೇಡಿಕೆ ಪತ್ರ ಕೊಟ್ಟ.

3. ಬೇಡಿಕೆ ಪತ್ರದ ಗತಿ ತಮಗೆ ತಿಳಿಯದ್ದೇನಲ್ಲ. ಹೊಸ ಹಾರನ್ ಕೊಡಬೇಕಾದರೆ ಹಳೆಯ ಹಾರನ್ ಉಗ್ರಾಣಕ್ಕೆ ಬರಬೇಕು. ಹಳೆಯದನ್ನು ಬಿಚ್ಚಬೇಕಾದರೆ ಅದು ಕೆಟ್ಟಿದೆ ಎಂದು ಯಲಹಂಕದ ವರ್ಕ್‌ಶಾಪಿನಿಂದ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬೇಕಾದರೆ ಕಾರು ಯಲಹಂಕಕ್ಕೆ ಹೋಗಬೇಕು. ಹಾರನ್ ಇಲ್ಲದ ಕಾರು ದುರಸ್ತಿ ಕೆಲಸಕ್ಕಾಗಿ ರಸ್ತೆಗೆ ಇಳಿಯಕೂಡದೆಂದು ಆಡಳಿತ ಶಾಖೆ ಸುತ್ತೋಲೆ ಹೊರಡಿಸಿತು. ಸಾಹೇಬರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವುದು ದುರಸ್ತಿ ಕೆಲಸವಲ್ಲವಾದ ಕಾರಣ, ಕಾರು ದಿನವೂ ರಸ್ತೆಗೆ ಇಳಿಯುತ್ತಲೇ ಇತ್ತು.

4. ಮಧ್ಯಂತರ ಕ್ರಮವಾಗಿ, ಜವಾನ ಮುನಿಯಣ್ಣನು ಮುಂದಿನ ಸೀಟಿನಲ್ಲಿ ಕುಳಿತು ಕಿಟಕಿಯಿಂದ ತಲೆ ಹೊರಗೆ ಹಾಕಿ ಜನರನ್ನು ಎಚ್ಚರಿಸತಕ್ಕದ್ದು ಎಂದು ಆದೇಶವಾಯಿತು. ಮುನಿಯಣ್ಣ ಹರಿಕಥೆಗೆ ತಾಳ ಹಾಕಿ ಅಭ್ಯಾಸ ಇದ್ದವನು. ಒಂದು ಕೈಯಲ್ಲಿ ಬಾಗಿಲು ಬಡಿಯುತ್ತ, "ದಾರಿ ಬಿಡ್ರಪ್ಪೋ, ಗೋಣಿಚೀಲದ ಸಾಹೇಬ್ರು ಬಂದ್ರು" ಎಂದು ರಾಗವಾಗಿ ಕೂಗುತ್ತಿದ್ದ. ಜನ ದಾರಿ ಬಿಡುವುದಿರಲಿ, ನೋಡಲು ಹತ್ತಿರ ಬರುತ್ತಿದ್ದರು. ಹತ್ತೊಂಬತ್ತನೆಯ ದಿನ ಅವನ ಗಂಟಲು ಕಟ್ಟಿ ವೈದ್ಯಕೀಯ ರಜೆ ಹಾಕಿದ. ಹೀಗೆ ಮಂಡಳಿಯ ಎರಡನೆಯ ಹಾರನ್ನೂ ಕೆಟ್ಟಿತು.

5. ಆಗಸ್ಟ್ ತಿಂಗಳಲ್ಲಿ ಪುಟ್ಟೇನಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ಸೊಪ್ಪು ಮಾರುವ ಅಕ್ಕಯ್ಯಮ್ಮ ಎಂಬ ಮುದುಕಿ ತಲೆಯ ಮೇಲೆ ಪುಟ್ಟಿ ಹೊತ್ತು, ಕಾರಿಗೆ ಬೆನ್ನು ಹಾಕಿ, ರಸ್ತೆಯ ನಡುವೆ ನಡೆದು ಹೋಗುತ್ತಿದ್ದಳು. ಅರ್ಜಿದಾರ ಬ್ರೇಕು ಹಾಕಿದ. ಕಾರು ಅವಳಿಂದ ಗೇಣು ದೂರದಲ್ಲಿ ನಿಂತಿತು. ಅವಳು ಬೆಚ್ಚಿ ಕೂತೇಬಿಟ್ಟಳು, ಸೊಪ್ಪೆಲ್ಲ ರಸ್ತೆಯ ಪಾಲಾಯಿತು. ಎದ್ದು ಸೆರಗು ಕೊಡವಿಕೊಂಡು ಅವಳು ಕೇಳಿದ ಪ್ರಶ್ನೆ ಲಾಗ್ ಪುಸ್ತಕದಲ್ಲಿ ಅಕ್ಷರಶಃ ಇದೆ: "ಯಾಕ್ಲಾ, ಇಂಗೆ ಕಳ್ಳನಂಗೆ ಇಂದಿಂದ ಬತ್ತೀಯ? ಒಂದು ಆರನ್ ಒಡೆದಿದ್ರೆ ನಿಮ್ಮಪ್ಪನ ಗಂಟು ಓಗ್ತಿತ್ತಾ?" ಸಾಹೇಬರು ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಅರ್ಜಿದಾರ ಇಳಿದು ಒಂದೊಂದೇ ಕಟ್ಟು ಆರಿಸಿ, ಮಣ್ಣು ಒರೆಸಿ, ಪುಟ್ಟಿಯಲ್ಲಿ ಜೋಡಿಸಿ ಅವಳ ತಲೆಯ ಮೇಲೆ ಇಟ್ಟ. ಆಮೇಲಿನ ಸಾಲು: 'ಸೊಪ್ಪು, ಹತ್ತು ನಿಮಿಷ.'

6. ಆದ್ದರಿಂದ ಅರ್ಜಿದಾರನು ಕಡತವನ್ನು ಕಾಯದೆ, ಅಂದೇ ಶೆಡ್ಡಿನಲ್ಲಿ ಬಾನೆಟ್ ಎತ್ತಿದ. ಪರೀಕ್ಷೆಯ ವಿಧಾನವನ್ನು ತಾಂತ್ರಿಕ ಶಾಖೆಯ ತಿಳಿವಳಿಕೆಗಾಗಿ ಇಲ್ಲಿ ಕೊಟ್ಟಿದೆ. ಮೊದಲು ಫ್ಯೂಸ್ ನೋಡಿದ, ಸರಿಯಾಗಿತ್ತು. ಬ್ಯಾಟರಿಯಿಂದ ಹಾರನ್ನಿಗೆ ಕರೆಂಟು ಬರುತ್ತಿತ್ತು. ಹಾರನ್ನಿನಿಂದ ಇನ್ನೊಂದು ವೈರು ಸ್ಟೀರಿಂಗ್ ಕಂಬದೊಳಗೆ ಹಾದು ಗುಂಡಿಯವರೆಗೆ ಹೋಗುತ್ತದೆ. ಗುಂಡಿ ಒತ್ತಿದಾಗ ಅದು ಕಾರಿನ ಮೈಗೆ ತಾಗಬೇಕು, ಆಗಲೇ ಹಾರನ್ ಕೂಗುವುದು. ಅರ್ಜಿದಾರ ಒಂದು ತುಂಡು ವೈರು ತೆಗೆದುಕೊಂಡು ಒಂದು ತುದಿಯನ್ನು ಹಾರನ್ನಿಗೆ, ಇನ್ನೊಂದು ತುದಿಯನ್ನು ಕಾರಿನ ಮೈಗೆ ಮುಟ್ಟಿಸಿದ. ಹಾರನ್ ಎಂಥ ಕೂಗು ಕೂಗಿತೆಂದರೆ ಲೆಕ್ಕಪತ್ರ ಶಾಖೆಯಲ್ಲಿ ಮೂವರು ಎಚ್ಚರವಾದರು. ಕಾರಣ, ಹಾರನ್ನಿಗೆ ಏನೂ ಆಗಿರಲಿಲ್ಲ. ಗುಂಡಿಯ ಕೆಳಗೆ ಉಗುರಿನಷ್ಟು ಅಗಲದ ಒಂದು ಲೋಹದ ನಾಲಿಗೆ ಇರುತ್ತದೆ. ಅದು ಸುಟ್ಟು ಸವೆದು ಮುರಿದಿತ್ತು.

7. ಅರ್ಜಿದಾರ ಓಡಿಬಂದು ಈ ಸಂತೋಷದ ಸಮಾಚಾರವನ್ನು ಉಗ್ರಾಣ ಗುಮಾಸ್ತನಿಗೆ ಹೇಳಿದ. ಹೊಸ ಹಾರನ್ ಬೇಡ ಸಾರ್, ಗುಂಡಿಯದೊಂದು ಚೂರು ಸಿಕ್ಕರೆ ಸಾಕು ಎಂದ. ಗುಮಾಸ್ತ ಕಲಬುರ್ಗಿ ಕಡೆಯವನು. ಕನ್ನಡಕದ ಮೇಲಿಂದ ನೋಡಿ, "ಫೈಲಿನ್ಯಾಗ ಹಾರನ್ ಸತ್ತದ, ಬಾಷಾ. ಫೈಲಿನ್ಯಾಗ ಸತ್ತದ್ದು ಕಾರಿನ್ಯಾಗ ಹ್ಯಾಂಗ ಬದುಕ್ತದ?" ಎಂದ. ಬೇಡಿಕೆ ತಿದ್ದಬೇಕಾದರೆ ಮೊದಲಿನ ಬೇಡಿಕೆ ಹಿಂತೆಗೆದುಕೊಳ್ಳಬೇಕು, ಹಿಂತೆಗೆದುಕೊಳ್ಳಲು ಸಾಹೇಬರ ಸಹಿ ಬೇಕು, ಸಾಹೇಬರು ಪ್ರವಾಸದಲ್ಲಿದ್ದಾರೆ ಎಂದೂ ತಿಳಿಸಿದ. ಸಾಹೇಬರು ಪ್ರವಾಸ ಹೋಗಬೇಕಾದ ಕಾರು ಶೆಡ್ಡಿನಲ್ಲೇ ನಿಂತಿದೆಯಲ್ಲ ಎಂದು ಅರ್ಜಿದಾರ ಕೇಳಲಿಲ್ಲ. ಅವನಿಗೆ ಕೇಳುವ ಅಭ್ಯಾಸವಿಲ್ಲ.

8. ದಿನಾಂಕ 21-8-1977, ಭಾನುವಾರ. ಅರ್ಜಿದಾರ ಸ್ಟೀರಿಂಗಿನ ಗುಂಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತಂದು, ಕಟ್ಟೆಯ ಮೇಲೆ ಹರವಿಕೊಂಡು ಕೂತ. ಡಬ್ಬದ ತಗಡು ಕತ್ತರಿಸಿ ಹಾಕಿದ. ಅದು ಒಮ್ಮೆ ಬಗ್ಗಿದರೆ ಮೇಲೇಳದು. ತಾಮ್ರದ ತಂತಿ ಸುತ್ತಿದ. ಅದು ಜಾರಿತು. ಮಧ್ಯಾಹ್ನದ ಊಟ ತಣ್ಣಗಾಯಿತು. ಹೆಂಡತಿ ಕುಲ್ಸುಮ್ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆ ವಾರ ಅವಳ ಎಡಗಾಲಿನ ಗೆಜ್ಜೆಯ ಕೊಂಡಿ ಕಳಚಿಕೊಂಡಿತ್ತು. ಬೆಸುಗೆ ಹಾಕಿಸಿಕೊಂಡು ಬರಬೇಕೆಂದು ಅವಳು ಅದನ್ನು ಕಿಟಕಿಯ ಮೇಲೆ ಇಟ್ಟಿದ್ದಳು. ತೆಳ್ಳನೆಯ ಬೆಳ್ಳಿ, ಒತ್ತಿದರೆ ಬಗ್ಗಿ ಬಿಟ್ಟರೆ ಏಳುವಂಥದ್ದು. ತಾಯಿ ಮನೆಯಿಂದ ಬಂದದ್ದು ಅವಳಿಗೆ ಆ ಒಂದು ಜೊತೆ ಗೆಜ್ಜೆ ಮಾತ್ರ. ಅವಳು ಕೊಂಡಿಯನ್ನು ತಂದು ಗಂಡನ ಅಂಗೈಯಲ್ಲಿ ಇಟ್ಟಳು. ಆ ಮನೆಯ ಮಾತು ದಖ್ಖನಿ ಉರ್ದು, ಇಲ್ಲಿ ಕನ್ನಡಕ್ಕೆ ತಂದದ್ದಕ್ಕೆ ಅರ್ಜಿ ಬರೆದವನೇ ಹೊಣೆ: "ತಗೊಂಡೋಗಿ. ಇನ್ನೊಂದ್ ಅಜ್ಜಿ ಬೀಳ್ಬಾರ್ದು. ಆದ್ರೆ ತಗೊಂಡೋದವ್ರು ನೀವು, ತಂದ್ಕೊಡೋವ್ರೂ ನೀವೇ." ಎಂಟು ದಿನದಲ್ಲಿ ತಂದುಕೊಡುತ್ತೇನೆ ಎಂದು ಅರ್ಜಿದಾರ ಮಾತು ಕೊಟ್ಟ. ಕೊಂಡಿ ಗುಂಡಿಯೊಳಗೆ ಅಳತೆ ತೆಗೆದ ಹಾಗೆ ಕೂತಿತು.

9. ಮಾರನೆಯ ದಿನ ಹಾರನ್ ಕೂಗಿತು. ಸಾಹೇಬರು ಖುಷಿಯಾದರು. ಯಾರೂ ಏನೂ ಕೇಳಲಿಲ್ಲ. ಬೇರೆ ಯಾವ ಚಾಲಕನಾಗಿದ್ದರೂ ಇಲ್ಲಿಗೆ ಕಥೆ ಮುಗಿದು, ಹೊಸ ಗುಂಡಿ ಬಂದ ದಿನ ಕೊಂಡಿ ಜೇಬಿಗೆ ಬೀಳುತ್ತಿತ್ತು. ಬಾಷಾ ಏನು ಮಾಡಿದ? ಲಾಗ್ ಪುಸ್ತಕ ತೆಗೆದು, ಪುಟ 212ರಲ್ಲಿ, ದುಂಡಗೆ ಬರೆದ: 'ಹಾರನ್ ಗುಂಡಿಗೆ ಬೆಳ್ಳಿ ತುಂಡು ಒಂದು ಹಾಕಿದೆ. ಹಾರನ್ ಸರಿಯಾಗಿದೆ.' ಬರೆದು ಸಹಿ ಹಾಕಿದ. ಅಯ್ಯೋ ಮಹಾರಾಯ, 'ನನ್ನ ಹೆಂಡತಿಯದು' ಎಂದು ಇನ್ನೆರಡು ಪದ ಬರೆಯಬಾರದಿತ್ತೇ? ಹೆಂಡತಿಯ ವಿಷಯವನ್ನು ಸರ್ಕಾರಿ ಪುಸ್ತಕದಲ್ಲಿ ಯಾಕೆ ಬರೆಯುವುದು ಎಂದು ಅವನಿಗೆ ಸಂಕೋಚವಾಯಿತಂತೆ.

10. ಆ ವಾರದ ಕೊನೆಗೆ ಲಾಗ್ ಪುಸ್ತಕ ಉಗ್ರಾಣ ಗುಮಾಸ್ತನ ಮೇಜಿಗೆ ಬಂತು. ಮಂಡಳಿಯ ವಾಹನಕ್ಕೆ ಜೋಡಿಸಿದ ಯಾವುದೇ ಭಾಗವು ಮಂಡಳಿಯ ಆಸ್ತಿ ಎಂಬುದು ನಿಯಮ. ಬೆಳ್ಳಿಯು ಬೆಲೆಬಾಳುವ ಲೋಹ ಎಂಬುದು ಇನ್ನೊಂದು ನಿಯಮ. ಗೋಣಿಚೀಲದ ಕಚೇರಿಯಲ್ಲಿ ಅಂಥ ಲೋಹ ಅದುವರೆಗೆ ಕಾಲಿಟ್ಟಿರಲಿಲ್ಲ. ಗುಮಾಸ್ತ ಹೊಸ ವಿಭಾಗವನ್ನೇ ತೆರೆದು, ಕೆಂಪು ಮಸಿಯಲ್ಲಿ ಗೆರೆ ಎಳೆದು, 'ಬೆಳ್ಳಿ ತುಂಡು, ಒಂದು, ಹಾರನ್ನಿನಲ್ಲಿ' ಎಂದು ನಮೂದಿಸಿದ. ಆ ದಿನ ಅವನಿಗೆ ಒಂದು ದೊಡ್ಡ ಕೆಲಸ ಮಾಡಿದ ಹಾಗೆ ಹೆಮ್ಮೆಯೂ ಆಯಿತು. ಅರ್ಜಿದಾರ ಎಂಟನೆಯ ದಿನ ತಾಮ್ರದ ಹೊಸ ನಾಲಿಗೆ ಮಾಡಿಸಿಕೊಂಡು ಬಂದು, ಕೊಂಡಿ ಬಿಚ್ಚಿಕೊಳ್ಳಲೇ ಎಂದು ಕೇಳಿದಾಗ, ಅದು ಈಗ ವಹಿಯಲ್ಲಿದೆ ಎಂಬ ಉತ್ತರ ಸಿಕ್ಕಿತು. ವಹಿಗೆ ಹೋದದ್ದು ಹೊರಗೆ ಬರಬೇಕಾದರೆ ಮೇಲಿನವರ ಆದೇಶ ಬೇಕು. ಆದೇಶಕ್ಕೆ ಬರೆಯಲಾಯಿತು. ಇಂದಿಗೂ ಬಂದಿಲ್ಲ.

11. ಕುಲ್ಸುಮ್ ಜಗಳವಾಡಲಿಲ್ಲ. ಒಂದು ಕಾಲಿಗೆ ಮಾತ್ರ ಗೆಜ್ಜೆ ಹಾಕಿಕೊಂಡು ಓಡಾಡಲು ಆಗದ ಕಾರಣ, ಎರಡನ್ನೂ ಬಿಸ್ಕತ್ತಿನ ಡಬ್ಬದಲ್ಲಿ ಎತ್ತಿಟ್ಟಳು. ಅಕ್ಕಸಾಲಿಗನ ಹತ್ತಿರ ಹೋದರೆ ಅರ್ಧ ಗಂಟೆಯಲ್ಲಿ ಬೇರೆ ಕೊಂಡಿ ಹಾಕಿಕೊಡುತ್ತಿದ್ದ ಎಂದು ಕಚೇರಿ ಹೇಳಬಹುದು. ಅರ್ಜಿದಾರ ಅದನ್ನು ಅವಳಿಗೂ ಹೇಳಿ ನೋಡಿದ. ನೀವು ತಂದುಕೊಡುತ್ತೀನಿ ಅಂದಿದ್ದೀರಲ್ಲ, ತಂದುಕೊಡಿ, ಅಲ್ಲಿವರೆಗೆ ಇರಲಿ ಎಂದಳಂತೆ. ಅದು ಹಟವೂ ಹೌದು, ತಮಾಷೆಯೂ ಹೌದು.

12. ಇಲ್ಲಿ ಅರ್ಜಿದಾರನ ಒಂದು ತಪ್ಪನ್ನು ಒಪ್ಪಿಕೊಳ್ಳಲಾಗಿದೆ. ಸಾಹೇಬರನ್ನು ಮನೆಗೆ ಬಿಟ್ಟು ಶೆಡ್ಡಿಗೆ ಮರಳುವಾಗ ಕಾರು ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ವಠಾರದ ಮುಂದೆ ಹಾದುಹೋಗುತ್ತಿತ್ತು. ಅಲ್ಲಿ ಅರ್ಜಿದಾರ ಒಮ್ಮೆ, ಒಂದೇ ಒಮ್ಮೆ, ಚಿಕ್ಕದಾಗಿ ಹಾರನ್ ಹೊಡೆಯುತ್ತಿದ್ದ. ಅಡ್ಡ ಯಾರೂ ಬಂದಿರುತ್ತಿರಲಿಲ್ಲ. ಅದನ್ನೂ ಲಾಗ್ ಪುಸ್ತಕದಲ್ಲಿ 'ಖಾಸಗಿ ಹಾರನ್, ಒಂದು' ಎಂದು ಪ್ರತಿದಿನ ಬರೆದಿದ್ದಾನೆ. ಇದಕ್ಕಾಗಿ ಅವನಿಗೆ ಮೂರು ಮೆಮೊ ಕೊಡಲಾಗಿದೆ. ಮೂರಕ್ಕೂ ಉತ್ತರವಾಗಿ ಅವನು ತಪ್ಪಾಯಿತು ಎಂದು ಬರೆದುಕೊಟ್ಟು, ಅಂದೇ ಸಂಜೆ ಮತ್ತೆ ಹೊಡೆದು, ಮತ್ತೆ ಬರೆದಿದ್ದಾನೆ. ಮಂಡಳಿಯ ನಿಯಮವನ್ನು ಈ ಮನುಷ್ಯ ತಿಳಿದೂ ತಿಳಿದೂ ಮುರಿದದ್ದು ಇದೊಂದೇ. ಅದರ ಪರಿಣಾಮ ಏನಾಗುತ್ತಿತ್ತು ಎಂಬುದನ್ನು ವಠಾರದ ಒಡತಿ ಗೋಪಾಲಮ್ಮನವರು ತಮ್ಮ ಹೇಳಿಕೆಯಲ್ಲಿ ತಿಳಿಸಿದ್ದಾರೆ. ಹಾರನ್ ಕೇಳಿದ ಕೂಡಲೇ ಕುಲ್ಸುಮ್ ಮಾಡುತ್ತಿದ್ದ ಕೆಲಸ ಬಿಟ್ಟು, "ಅಗೋ ಗೋಪಾಲಮ್ಮಾ, ನನ್ ಗೆಜ್ಜೆ ಬಂತು" ಎಂದು ನಗುತ್ತ ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಿದ್ದಳು.

13. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ದಾಸ್ತಾನು ಪರಿಶೀಲನೆ. ಬೆಲೆಬಾಳುವ ಲೋಹವನ್ನು ಪರಿಶೀಲನಾಧಿಕಾರಿ ಕಣ್ಣಾರೆ ಕಾಣತಕ್ಕದ್ದು. ಆದ ಕಾರಣ ಚೆನ್ನಾಗಿ ಕೂಗುತ್ತಿದ್ದ ಹಾರನ್ನಿನ ಗುಂಡಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ, ಕೊಂಡಿಯನ್ನು ಹೊರತೆಗೆದು, ಬಿಳಿ ಕಾಗದದ ಮೇಲಿಟ್ಟು, ಮೂವರು ನೋಡಿ, 'ಇದೆ' ಎಂದು ಬರೆದು, ಮತ್ತೆ ಜೋಡಿಸಲಾಗುತ್ತಿತ್ತು. ಬಿಚ್ಚುವವನೂ ಜೋಡಿಸುವವನೂ ಅರ್ಜಿದಾರನೇ. ಅಂದರೆ ವರ್ಷಕ್ಕೆ ಒಂದು ದಿನ, ಐದು ನಿಮಿಷ, ಹೆಂಡತಿಯ ಕೊಂಡಿ ಅವನ ಅಂಗೈಯಲ್ಲಿ ಇರುತ್ತಿತ್ತು. ಬೇರೆ ತುಂಡು ಇಟ್ಟು ಇದನ್ನು ಜೇಬಿಗೆ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೋಡುತ್ತಿದ್ದ ಮೂವರಲ್ಲಿ ಒಬ್ಬನಿಗೂ ಆ ಕೊಂಡಿಯ ಗುರುತು ಇರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಪೆದ್ದ ಎಂದರೆ ಅನ್ನಿ. ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಿದ್ದೆವು.

14. ದಿನಾಂಕ 22-3-1984ರ ಪರಿಶೀಲನೆಯ ದಿನ ಕುಲ್ಸುಮ್ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಡಾಕ್ಟರು ಕೈ ಬಿಟ್ಟಿದ್ದರು. ಕೊಂಡಿಯನ್ನು ಕಾಗದದ ಮೇಲಿಂದ ಎತ್ತಿಕೊಂಡ ಅರ್ಜಿದಾರ, ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಉಗ್ರಾಣ ಗುಮಾಸ್ತನ ಹತ್ತಿರ ನಿಯಮಕ್ಕೆ ಹೊರತಾದದ್ದೊಂದನ್ನು ಬಾಯಿ ಬಿಟ್ಟು ಕೇಳಿದ: "ಸಾರ್, ಒಂದ್ ದಿನ ಕೊಡಿ. ಅವಳ ಕಾಲಿಗ್ ಹಾಕಿ ತೋರಿಸ್ಬಿಟ್ಟು, ನಾಳೆ ಬೆಳಿಗ್ಗೆ ತಂದಿಡ್ತೀನಿ."

ಗುಮಾಸ್ತ, "ಗೇಟ್ ಪಾಸ್ ಇಲ್ದ ಹೊರಗ ಹೋಗಂಗಿಲ್ಲ, ಬಾಷಾ" ಎಂದ.

15. ಅರ್ಜಿದಾರ ಹೂಂ ಎಂದ. ಗೇಟ್ ಪಾಸಿಗೆ ಅಲ್ಲೇ ನಿಂತು ಬರೆದುಕೊಟ್ಟ. ಕೊಂಡಿಯನ್ನು ಗುಂಡಿಯೊಳಗೆ ಕೂರಿಸಿ, ಸ್ಕ್ರೂ ಬಿಗಿದು, ಒಮ್ಮೆ ಒತ್ತಿ ನೋಡಿ, ಸಾಹೇಬರನ್ನು ಮನೆಗೆ ಬಿಟ್ಟು ಮರಳುವಾಗ ವಠಾರದ ಮುಂದೆ ಹಾರನ್ ಹೊಡೆದ. ಗೋಪಾಲಮ್ಮನವರ ಹೇಳಿಕೆಯ ಕೊನೆಯ ಸಾಲಿನ ಪ್ರಕಾರ, ಆ ಸಂಜೆ ಕುಲ್ಸುಮ್ ಮಲಗಿದ್ದಲ್ಲೇ ಕಣ್ಣು ತೆರೆದು ಅದೇ ಮಾತು ಹೇಳಿದಳು. ಎದ್ದು ನೀರಿಡಲು ಆಗದ್ದರಿಂದ ಗೋಪಾಲಮ್ಮನವರಿಗೆ ಇಡಲು ಹೇಳಿದಳು. ಎರಡು ದಿನದ ನಂತರ ತೀರಿಕೊಂಡಳು. ಗೇಟ್ ಪಾಸು ಅದಾದ ಒಂಬತ್ತನೆಯ ದಿನ ಮಂಜೂರಾಯಿತು. ಮೂರು ಸಹಿ, ಎರಡು ಮೊಹರು, ಒಂದೂ ತಪ್ಪಿಲ್ಲ.

16. ಸದರಿ ಉಗ್ರಾಣ ಗುಮಾಸ್ತನ ಹೆಸರನ್ನು ಇದುವರೆಗೆ ನಮೂದಿಸದೆ ಬಿಟ್ಟಿರುವುದು ಕಚೇರಿಯ ಗಮನಕ್ಕೆ ಬಂದಿರಬಹುದು. ಅವನ ಹೆಸರು ಶಿವಶರಣಪ್ಪ. ಈ ಅರ್ಜಿಯನ್ನು ಬರೆಯುತ್ತಿರುವವನು ಅವನೇ. ಕಳೆದ ವರ್ಷ ನಿವೃತ್ತನಾದ. ಮನೆಯಲ್ಲಿ ಕೂತು ಮಾಡಲು ಕೆಲಸವಿಲ್ಲದ ಕಾರಣ ಮಾಡಿದ ಕೆಲಸಗಳೆಲ್ಲ ನೆನಪಿಗೆ ಬರುತ್ತವೆ. ಹೋದ ತಿಂಗಳು ಬಾಷಾ ಹರಾಜಿನ ಸುದ್ದಿ ಕೇಳಿ ಸಹಕಾರನಗರದವರೆಗೆ ನಡೆದುಕೊಂಡು ಬಂದು, ಸಾರ್, ನಿಮಗೆ ಬರೆಯೋದು ಗೊತ್ತು, ಒಂದು ಅರ್ಜಿ ಬರೆದುಕೊಡಿ ಎಂದು ನಿಂತ. ಬೈಯಲಿಲ್ಲ, ಹಳೆಯದನ್ನು ಎತ್ತಲಿಲ್ಲ. ಬೈದಿದ್ದರೆ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವನಿಗೆ ಚಹಾ ಕೊಟ್ಟು, ಒಳಗೆ ಹೋಗಿ, ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಲಾಗಿದೆ.

17. ಹಿಂದಿನ ಅರ್ಜಿಗಳಿಗೆ ತಾವು ಕೊಟ್ಟ ಉತ್ತರಗಳ ಬಗ್ಗೆ: ಮೊದಲನೆಯದರಲ್ಲಿ, ಕೊಂಡಿಯು ಖಾಸಗಿ ಸ್ವತ್ತು ಎಂಬುದಕ್ಕೆ ಕೊಂಡ ರಸೀದಿ ಹಾಜರುಪಡಿಸಲು ಕೇಳಿದ್ದೀರಿ. ಹೆಂಡತಿಯ ತಾಯಿ ರಸೀದಿ ಕೊಟ್ಟು ಮಗಳನ್ನು ಕಳಿಸಿರಲಿಲ್ಲ. ಎರಡನೆಯದರಲ್ಲಿ, ಹೋಲಿಸಿ ನೋಡುವ ಸಲುವಾಗಿ ಉಳಿದ ಗೆಜ್ಜೆಗಳನ್ನು ಉಗ್ರಾಣದಲ್ಲಿ ಠೇವಣಿ ಇಡಲು ಸೂಚಿಸಿದ್ದೀರಿ. ಅರ್ಜಿದಾರ ಇಡಲು ಸಿದ್ಧನಿದ್ದ, ಡಬ್ಬವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೂ ಇದ್ದ. ಮಾಜಿ ಉಗ್ರಾಣ ಗುಮಾಸ್ತನ ಅನುಭವದ ಸಲಹೆಯ ಮೇರೆಗೆ ಅವನನ್ನು ಬಸ್ ಸ್ಟಾಪಿನಿಂದ ವಾಪಸ್ ಕರೆತರಲಾಯಿತು.

18. ಈಗ ಕಾರು ಗೋದಾಮಿನ ಹಿಂದೆ ನಿಂತಿದೆ. ಚಕ್ರಗಳಲ್ಲಿ ಗಾಳಿ ಇಲ್ಲ, ಬ್ಯಾಟರಿಯನ್ನು ಬಿಚ್ಚಿದ್ದಾರೆ. ಹರಾಜು ಪಟ್ಟಿಯಲ್ಲಿ 'ಹಾರನ್ ಒಂದು, ಬೆಳ್ಳಿ ಸಹಿತ' ಎಂದು ಮುದ್ರಿಸಿದ್ದೀರಿ. ಇಪ್ಪತ್ತೆಂಟನೇ ತಾರೀಖಿನ ನಂತರ ಅದು ಯಾವ ಗುಜರಿಯವನ ಪಾಲಾಗುತ್ತದೋ, ಯಾವ ಸುತ್ತಿಗೆಯ ಕೆಳಗೆ ಬೀಳುತ್ತದೋ ಹೇಳುವವರಿಲ್ಲ. ಬಾಷಾ ಕೊಟ್ಟ ಮಾತಿಗೆ ಒಂಬತ್ತು ವರ್ಷವಾಯಿತು. ಉಳಿದಿರುವುದು ಹನ್ನೊಂದು ದಿನ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಾಮರ್ಶಿಸಿ, ತಾವು ದಯಮಾಡಿ:

(ಅ) ಸದರಿ ಕೊಂಡಿಯನ್ನು ಹರಾಜಿಗೆ ಮುಂಚೆ ಅರ್ಜಿದಾರನಿಗೆ ಬಿಚ್ಚಿಕೊಳ್ಳಲು ಬಿಡಬೇಕು. ಬದಲಿಗೆ ಹಾಕಲು 1977ರಲ್ಲಿ ಮಾಡಿಸಿದ ತಾಮ್ರದ ನಾಲಿಗೆ ಅವನ ಹತ್ತಿರ ಇಂದಿಗೂ ಇದೆ, ಲಗತ್ತಿಸಿದೆ. ಮಂಡಳಿಯ ಹಾರನ್ ಒಂದು ಕ್ಷಣವೂ ಮೂಕವಾಗುವುದಿಲ್ಲ. ಕೊಂಡಿಯನ್ನು ಗೆಜ್ಜೆಗೆ ಸೇರಿಸಿ, ಜೊತೆ ಪೂರ್ತಿ ಮಾಡಿ, ಅದೇ ಬಿಸ್ಕತ್ತಿನ ಡಬ್ಬದಲ್ಲಿ ಇಡುವುದನ್ನು ಬಿಟ್ಟು ಅರ್ಜಿದಾರನಿಗೆ ಬೇರೆ ಉದ್ದೇಶವಿಲ್ಲ.

(ಆ) ವಹಿಯಿಂದ ಒಂದು ವಸ್ತು ಕಡಿಮೆಯಾದದ್ದಕ್ಕೆ ಯಾರಾದರೂ ಹೊಣೆಯಾಗಲೇಬೇಕು ಎಂದಾದಲ್ಲಿ, ಆ ಹೊಣೆಯನ್ನು ಅದನ್ನು ಬರೆದ ಶಿವಶರಣಪ್ಪನ ಮೇಲೆ ಹೊರಿಸಬೇಕು. ಅವನು ಒಪ್ಪಿದ್ದಾನೆ. ಅವನ ಒಪ್ಪಿಗೆ ಪತ್ರದಲ್ಲಿ ಕೆಂಪು ಮಸಿಯ ಗೆರೆಯನ್ನೂ ಎಳೆಯಲಾಗಿದೆ.

(ಇ) ಮೇಲಿನ ಎರಡೂ ಸಾಧ್ಯವಿಲ್ಲ ಎಂದು ಕಚೇರಿ ತೀರ್ಮಾನಿಸಿದಲ್ಲಿ (ಕಚೇರಿಯನ್ನು ಬಲ್ಲವನಾದ್ದರಿಂದ ಈ ಅಂಶವನ್ನು ಸೇರಿಸಬೇಕಾಯಿತು), ಹರಾಜಿನ ಹಿಂದಿನ ಸಂಜೆ ಅರ್ಜಿದಾರನು ಗೋದಾಮಿನ ಹಿಂದೆ ಹೋಗಿ, ಕಾರಿನಲ್ಲಿ ಕೂತು, ಒಮ್ಮೆ, ಒಂದೇ ಒಮ್ಮೆ, ಚಿಕ್ಕದಾಗಿ ಹಾರನ್ ಹೊಡೆಯಲು ಅನುಮತಿ ಕೊಡಬೇಕು. ಯಶವಂತಪುರದಲ್ಲಿ ಹೊಡೆದದ್ದು ಆರ್.ಟಿ. ನಗರಕ್ಕೆ ಕೇಳುವುದಿಲ್ಲ ಎಂದು ಅವನಿಗೆ ತಿಳಿದಿದೆ. ಕೇಳುವವಳು ಮನೆಯಲ್ಲಿ ಇಲ್ಲ ಎಂದೂ ತಿಳಿದಿದೆ. ಲಾಗ್ ಪುಸ್ತಕವನ್ನು ಮಾತ್ರ ಒದಗಿಸಿದರೆ ಸಾಕು, 'ಖಾಸಗಿ ಹಾರನ್, ಒಂದು' ಎಂದು ಅವನೇ ಬರೆಯುತ್ತಾನೆ.

ತಮ್ಮ ಕಾರನ್ನು ಒಂದು ಸಲವೂ ಯಾರಿಗೂ ತಾಗಿಸದ,
ಖಾದರ್ ಬಾಷಾ
(ಸಹಿ)

ಈ ಅರ್ಜಿಯ ಪ್ರತಿ ಅಕ್ಷರಕ್ಕೂ, ಅದಕ್ಕಿಂತ ಹಿಂದಿನ ಕೆಲವು ಅಕ್ಷರಗಳಿಗೂ ಹೊಣೆಗಾರ,
ಶಿವಶರಣಪ್ಪ
(ಸಹಿ)

ಲಗತ್ತುಗಳು:
1) ಲಾಗ್ ಪುಸ್ತಕ ಪುಟ 212ರ ನಕಲು.
2) ಮೆಮೊಗಳು, ಮೂರು. ತಪ್ಪೊಪ್ಪಿಗೆಗಳು, ಮೂರು.
3) ಗೇಟ್ ಪಾಸು, ಮೂಲ ಪ್ರತಿ. ಬಳಸಿಲ್ಲ.
4) ಗೋಪಾಲಮ್ಮನವರ ಹೇಳಿಕೆ, ಹೆಬ್ಬೆಟ್ಟಿನ ಗುರುತಿನೊಂದಿಗೆ.
5) ಶಿವಶರಣಪ್ಪನ ಒಪ್ಪಿಗೆ ಪತ್ರ.
6) ತಾಮ್ರದ ನಾಲಿಗೆ, ಒಂದು.
7) ಬ್ಯಾಟರಿ, ಹನ್ನೆರಡು ವೋಲ್ಟಿನದು, ಒಂದು. ಕಾರಿನದನ್ನು ಬಿಚ್ಚಿರುವ ಕಾರಣ ಅರ್ಜಿದಾರನೇ ಪರಿಚಯದವರಿಂದ ಕೇಳಿ ತಂದಿದ್ದಾನೆ. ಹಾರನ್ ಹೊಡೆದಾದ ಮೇಲೆ ವಾಪಸ್ ಒಯ್ಯಬೇಕಾಗಿದೆ. ದಯವಿಟ್ಟು ಇದನ್ನು ದಾಸ್ತಾನು ವಹಿಗೆ ಸೇರಿಸಬಾರದಾಗಿ ವಿನಂತಿ.